ತೆರೆದ ಮಗ್ಗ, ಮುಚ್ಚಿದ ಲೆಕ್ಕ

ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ನೇಕಾರರ ಚರಿತ್ರೆಯಲ್ಲಿ 1806ನೇ ಇಸವಿಯನ್ನು ಎರಡು ಕಾರಣಕ್ಕೆ ನೆನಪಿಟ್ಟುಕೊಳ್ಳಬೇಕು. ಜೋಸೆಫ್ ಮರಿ ಜಾಕಾರ್ಡ್ ಎಂಬ ನೇಕಾರರ ಮನೆಯ ಮಗ ಕಟ್ಟಿದ ಹೊಸ ಬಗೆಯ ಮಗ್ಗ ಇನ್ನು ಮೇಲೆ ಊರಿನ ಸ್ವತ್ತು, ಅದನ್ನು ಯಾವ ನೇಕಾರ ಬೇಕಾದರೂ ಮಾಡಿಸಿಕೊಳ್ಳಬಹುದು ಎಂಬ ಏರ್ಪಾಡು ನೆಪೋಲಿಯನ್ನನ ಆದೇಶಗಳ ಮೂಲಕ ಗಟ್ಟಿಯಾದದ್ದು ಆ ಹೊತ್ತಿಗೆ. ಅದೇ ವರ್ಷದ ಮಾರ್ಚ್ 18ರಂದು ಇನ್ನೊಂದು ಕಾನೂನೂ ಬಂತು. ಒಂದು ಚಿತ್ತಾರ ತನ್ನದೆಂದು ಹೇಳಿಕೊಳ್ಳಬಯಸುವ ಬಟ್ಟೆ ವರ್ತಕ ಅದರ ಮಾದರಿಯ ತುಂಡನ್ನು ಲಕೋಟೆಯಲ್ಲಿಟ್ಟು, ಮೊಹರು ಹಾಕಿ, ನಗರದ ಕಚೇರಿಯೊಂದರಲ್ಲಿ ಇಡಬಹುದು. ಆ ಚಿತ್ತಾರವನ್ನು ಬೇರೆಯವರು ನೇಯ್ದರೆ ಅದು ಅಪರಾಧ. ಹೀಗೆ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಮಗ್ಗ ಎಲ್ಲರದಾಯಿತು, ಚಿತ್ತಾರ ಕೆಲವರದಾಯಿತು. ಇದಾದ ಇಪ್ಪತ್ತೈದು ವರ್ಷಕ್ಕೆ ಆ ಊರಿನ ನೇಕಾರರು ಕೂಲಿಯ ದರಕ್ಕಾಗಿ ದಂಗೆ ಎದ್ದರು.

ಇದನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಮುಕ್ತ ತಂತ್ರಾಂಶದ, ಅಂದರೆ ಓಪನ್ ಸೋರ್ಸ್‌ನ ಮಾತು ಈಗ ಕಂಪ್ಯೂಟರಿನವರ ನಡುವೆ ಮಾತ್ರ ಉಳಿದಿಲ್ಲ. ಟ್ರ್ಯಾಕ್ಟರು, ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರ, ನೀರೆತ್ತುವ ಪಂಪು ಇಂಥವುಗಳ ನಕ್ಷೆಗಳನ್ನೇ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಹಂಚುವ ಗುಂಪುಗಳಿವೆ. ನಕ್ಷೆ ತೆರೆದಿದ್ದರೆ ಹಳ್ಳಿಯ ಕಮ್ಮಾರನೂ ಯಂತ್ರ ಮಾಡಬಲ್ಲ, ಸಣ್ಣ ಸಣ್ಣ ಕಾರ್ಖಾನೆಗಳು ಎಲ್ಲೆಡೆ ಹುಟ್ಟುತ್ತವೆ, ದೊಡ್ಡ ಬಂಡವಾಳದ ಹಂಗು ತಪ್ಪುತ್ತದೆ, ಸಂಪತ್ತು ಹಂಚಿಹೋಗುತ್ತದೆ ಎಂಬುದು ಅವರ ನಂಬಿಕೆ. ನನಗೂ ಈ ನಂಬಿಕೆಯ ಬಗ್ಗೆ ಒಲವಿದೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಒಂದು ಕೆಟ್ಟ ಚಾಳಿಯಿದೆ: ಹೀಗೇ ಹಿಂದೆ ಎಲ್ಲಾದರೂ ನಡೆದಿತ್ತೇ ಎಂದು ಹುಡುಕುವುದು. ಲಿಯೋನಿನಲ್ಲಿ ನಡೆದಿತ್ತು. ಅಲ್ಲಿ ತಂತ್ರವಿದ್ಯೆ ತೆರೆದಿತ್ತು, ಕೈಗಾರಿಕೆ ಸಣ್ಣದಿತ್ತು, ಮಗ್ಗ ನೇಕಾರನ ಮನೆಯಲ್ಲೇ ಇತ್ತು. ಹಾಗಿದ್ದೂ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೂರು ಮೆಟ್ಟಿಲಿನ ಕೈಗಾರಿಕೆ

1536ರಲ್ಲಿ ರಾಜ ಒಂದನೇ ಫ್ರಾನ್ಸಿಸ್ ಇಟಲಿಯಿಂದ ಬಂದ ಇಬ್ಬರು ವರ್ತಕರಿಗೆ ಅನುಮತಿ ಕೊಟ್ಟಲ್ಲಿಂದ ಲಿಯೋನಿನಲ್ಲಿ ರೇಷ್ಮೆ ನೇಕಾರಿಕೆ ಬೆಳೆಯಿತು. ಹದಿನೆಂಟನೇ ಶತಮಾನದ ಹೊತ್ತಿಗೆ ಯುರೋಪಿನ ಅರಮನೆಗಳ ಗೋಡೆಗಳಿಗೆ, ಕುರ್ಚಿಗಳಿಗೆ, ಮದುವೆಯ ಉಡುಪಿಗೆ ಲಿಯೋನಿನ ಬಟ್ಟೆಯೇ ಆಗಬೇಕಿತ್ತು. ಈ ಇಡೀ ಉದ್ಯಮವನ್ನು ಊರಿನವರು ‘ಫಾಬ್ರಿಕ್’ ಎನ್ನುತ್ತಿದ್ದರು. ಹೆಸರು ಕೇಳಿ ಚಿಮಣಿ ಇರುವ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬಾರದು. ಫಾಬ್ರಿಕ್ ಎಂದರೆ ಸಾವಿರಾರು ಮನೆಗಳಲ್ಲಿ ಹರಡಿದ್ದ ಮಗ್ಗಗಳು ಮತ್ತು ಅವುಗಳನ್ನು ಪೋಣಿಸಿದ್ದ ವ್ಯವಹಾರ.

ಇದರಲ್ಲಿ ಮೂರು ಮೆಟ್ಟಿಲು. ಮೇಲಿನವನು ವರ್ತಕ. ರೇಷ್ಮೆ ನೂಲು ಅವನದು, ಚಿತ್ತಾರ ಅವನದು, ಗಿರಾಕಿಯೂ ಅವನ ಕೈಯಲ್ಲಿ. ನಡುವಿನವನು ಯಜಮಾನ ನೇಕಾರ. ಅವನ ಮನೆಯಲ್ಲಿ ಎರಡೋ ನಾಲ್ಕೋ ಆರೋ ಮಗ್ಗ; ಅವು ಅವನ ಸ್ವಂತದವು. ಕೆಳಗಿನವನು ಆ ಮನೆಗೆ ಬಂದು ನೇಯುವ ಕೂಲಿ ನೇಕಾರ. ಬಂದ ಮಜೂರಿಯಲ್ಲಿ ಯಜಮಾನನಿಗೆ ಸಾಮಾನ್ಯವಾಗಿ ಅರ್ಧ, ಇವನಿಗೆ ಅರ್ಧ. ಇವರ ಜೊತೆಗೆ ನೂಲು ಸುತ್ತುವ ಹೆಂಗಸರು, ಮಗ್ಗದ ಹಗ್ಗ ಎಳೆಯುವ ಹುಡುಗಿಯರು. 1830ರ ಸುಮಾರಿಗೆ ಊರಿನಲ್ಲಿ ಕೆಲವು ನೂರು ವರ್ತಕರು, ಎಂಟು ಸಾವಿರದಷ್ಟು ಯಜಮಾನ ನೇಕಾರರು, ಅವರ ಮೂರು ನಾಲ್ಕು ಪಟ್ಟು ಕೂಲಿ ನೇಕಾರರು ಇದ್ದರು. ಇಳಕಲ್ಲು, ಮೊಳಕಾಲ್ಮೂರು, ದೊಡ್ಡಬಳ್ಳಾಪುರಗಳ ನೇಕಾರಿಕೆಯನ್ನು ಹತ್ತಿರದಿಂದ ಕಂಡವರಿಗೆ ಈ ಏಣಿ ಹೊಸದಲ್ಲ. ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರ, ಮಗ್ಗ ಇಟ್ಟುಕೊಂಡ ಮನೆಯವನು, ಮಜೂರಿಗೆ ನೇಯುವವನು ನಮ್ಮಲ್ಲೂ ಇದ್ದಾರೆ.

ಕಲಿಸಿದವನಿಗೆ ಬಹುಮಾನ

ಲಿಯೋನಿನ ವಿಶೇಷ ಇದ್ದದ್ದು ಹೊಸ ತಂತ್ರವನ್ನು ಅದು ನಡೆಸಿಕೊಂಡ ಬಗೆಯಲ್ಲಿ. ಹೊಸದೊಂದನ್ನು ಕಂಡುಹಿಡಿದವನಿಗೆ ಇಷ್ಟು ವರ್ಷ ನೀನೊಬ್ಬನೇ ಮಾಡು ಎಂದು ಹಕ್ಕು ಕೊಡುವುದು ಒಂದು ದಾರಿ. ಪೇಟೆಂಟ್ ಎಂದರೆ ಅದೇ. ಹದಿನೆಂಟನೇ ಶತಮಾನದ ಲಿಯೋನ್ ಹೆಚ್ಚಾಗಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಹೊಸ ಮಗ್ಗ ಕಟ್ಟಿದವನು ಅದನ್ನು ತಂದು ತೋರಿಸಬೇಕು. ನೇಕಾರ ಸಂಘದ ಹಿರಿಯರೂ ಊರಿನ ವಿದ್ವಾಂಸರೂ ಸೇರಿ ಪರೀಕ್ಷಿಸುತ್ತಾರೆ. ಒಪ್ಪಿಗೆಯಾದರೆ ಸಾರ್ವಜನಿಕ ನಿಧಿಯಿಂದ ಹಣ. ಆ ಹಣದ ಒಂದು ಪಾಲು ಎಷ್ಟು ಮಗ್ಗಗಳಿಗೆ ಈ ಉಪಾಯ ಅಳವಡಿಕೆಯಾಯಿತು ಎಂಬುದರ ಮೇಲೆ ನಿಂತಿರುತ್ತಿತ್ತು. ಅಂದರೆ ಗುಟ್ಟಾಗಿಟ್ಟರೆ ನಷ್ಟ, ಹತ್ತು ಜನರಿಗೆ ಕಲಿಸಿದರೆ ಲಾಭ. ಹೂಬಳ್ಳಿಗಳ ರೇಷ್ಮೆಗೆ ಹೆಸರಾದ ಫಿಲಿಪ್ ದ ಲಾಸಾಲ್ ತನ್ನ ಉಪಕರಣಗಳಿಗಷ್ಟೇ ಅಲ್ಲ, ಅವನ್ನು ಬೇರೆಯವರಿಗೆ ಕಲಿಸಿದ್ದಕ್ಕೂ ಸಂಭಾವನೆ ಪಡೆದ. ದೊಮಿನಿಕ್ ಫೋರೆ ಮತ್ತು ಲಿಲಿಯಾನ್ ಇಲೇರ್-ಪೆರೆಜ್ ಎಂಬ ಇಬ್ಬರು ವಿದ್ವಾಂಸರು ಈ ಪದ್ಧತಿಯನ್ನು ಅಭ್ಯಾಸ ಮಾಡಿ, ಇದನ್ನು ಮುಕ್ತ ತಂತ್ರಜ್ಞಾನದ ಹಳೆಯ ಮಾದರಿ ಎಂದೇ ಕರೆದಿದ್ದಾರೆ.

ಇದರ ಫಲ ಮಗ್ಗದ ಮೇಲೆ ಕಾಣುತ್ತದೆ. ಚಿತ್ತಾರದ ಬಟ್ಟೆ ನೇಯುವಾಗ ಪ್ರತಿ ಹೊಕ್ಕಿಗೂ ಹಾಸಿನ ಬೇರೆ ಬೇರೆ ಎಳೆಗಳು ಮೇಲೇಳಬೇಕು. ಆ ಎಳೆಗಳಿಗೆ ಕಟ್ಟಿದ ಹಗ್ಗಗಳನ್ನು ಸರಿಯಾದ ಕ್ರಮದಲ್ಲಿ ಎಳೆಯಲು ಮಗ್ಗದ ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿರುತ್ತಿದ್ದಳು. ಕ್ರಮ ತಪ್ಪಿದರೆ ಹೂವು ಕೆಡುತ್ತದೆ. 1725ರಲ್ಲಿ ಬಾಸಿಲ್ ಬುಶೋಂ ಎಂಬವನು ಯಾವ ಹಗ್ಗ ಎಳೆಯಬೇಕೆಂಬುದನ್ನು ತೂತು ಹೊಡೆದ ಕಾಗದದ ಸುರುಳಿಯಿಂದ ತಿಳಿಯುವ ಉಪಾಯ ಮಾಡಿದ. ಸ್ವಲ್ಪ ಕಾಲದಲ್ಲೇ ಫಾಲ್ಕೋಂ ಎಂಬವನು ಉದ್ದನೆಯ ಕಾಗದದ ಬದಲು ರಟ್ಟಿನ ಪಟ್ಟಿಗಳನ್ನು ದಾರದಿಂದ ಪೋಣಿಸಿದ. ಒಂದು ಪಟ್ಟಿ ಹರಿದರೆ ಅದೊಂದನ್ನೇ ಬದಲಿಸಬಹುದಿತ್ತು. 1740ರ ದಶಕದಲ್ಲಿ ಜಾಕ್ ದ ವೋಕಾನ್ಸೋಂ ಈ ಸಾಧನವನ್ನು ಮಗ್ಗದ ಮೇಲಕ್ಕೇರಿಸಿ, ಹಗ್ಗ ಎಳೆಯುವವರೇ ಬೇಡದ ಮಗ್ಗವೊಂದನ್ನು ಕಟ್ಟಿದ. ಅದು ಬಳಕೆಗೆ ಬರಲಿಲ್ಲ, ಆದರೆ ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಉಳಿಯಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೋದ ಜಾಕಾರ್ಡ್ ಅದನ್ನು ನೋಡಿ, ವೋಕಾನ್ಸೋಂನ ಮೇಲ್ಕಟ್ಟಿಗೆ ಫಾಲ್ಕೋಂನ ರಟ್ಟಿನ ಪಟ್ಟಿಗಳನ್ನು ಕೂಡಿಸಿದ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಿದ ಇಂಥ ಸರಪಳಿ ಯಾರಾದರೂ ನಡುವೆ ಬೀಗ ಹಾಕಿದ್ದರೆ ತುಂಡಾಗುತ್ತಿತ್ತು.

ಅದೇ ವೋಕಾನ್ಸೋಂನಿಗೆ ಲಿಯೋನಿನಲ್ಲಿ ಇನ್ನೊಂದು ಹೆಸರೂ ಇತ್ತು. ರೇಷ್ಮೆ ಉದ್ಯಮದ ಸರ್ಕಾರಿ ತನಿಖಾಧಿಕಾರಿಯಾಗಿದ್ದ ಆತ 1744ರಲ್ಲಿ ಒಂದು ನಿಯಮಾವಳಿಗೆ ಕಾರಣನಾದ. ಅದಕ್ಕೆ ಹಿಂದೆ, 1737ರ ನಿಯಮಾವಳಿ ಸಣ್ಣ ನೇಕಾರರಿಗೆ ತಾವು ನೇಯ್ದದ್ದನ್ನು ತಾವೇ ಮಾರುವ ಅವಕಾಶ ಕೊಟ್ಟಿತ್ತು. 1744ರದ್ದು ಆ ಅವಕಾಶವನ್ನು ಕಿತ್ತು ದೊಡ್ಡ ವರ್ತಕರ ಕೈಗೆ ಕೊಟ್ಟಿತು. ಆಗಸ್ಟ್ ತಿಂಗಳಲ್ಲಿ ನೇಕಾರರು ಬೀದಿಗಿಳಿದರು. ವೋಕಾನ್ಸೋಂ ವೇಷ ಮರೆಸಿಕೊಂಡು ಊರು ಬಿಟ್ಟ. 1786ರಲ್ಲಿ ಮತ್ತೆ ದಂಗೆ. ಅಳತೆಗೆ ಎರಡು ಸೂ, ಅಂದರೆ ಎರಡು ಬಿಡಿಗಾಸು, ಹೆಚ್ಚು ಕೊಡಿ ಎಂಬುದು ಬೇಡಿಕೆ. ಮೂವರನ್ನು ಗಲ್ಲಿಗೇರಿಸಿ ಅದನ್ನು ಅಡಗಿಸಲಾಯಿತು. ಲಿಯೋನಿನ ನೇಕಾರರು ಯಂತ್ರವನ್ನು ಕಂಡು ಬೆದರಿದವರು ಎಂಬ ಕತೆ ಬಹಳ ಪ್ರಚಾರದಲ್ಲಿದೆ. ಈ ಎರಡು ದಂಗೆಗಳಲ್ಲಿ ಅವರು ಕೇಳಿದ್ದು ಮಾರುವ ಹಕ್ಕನ್ನು ಮತ್ತು ಮಜೂರಿಯ ದರವನ್ನು.

ಊರಿನ ಸ್ವತ್ತಾದ ಮಗ್ಗ

ಜಾಕಾರ್ಡ್‌ನ ಸಾಧನ ಕೆಲಸ ಮಾಡುವ ರೀತಿ ಸರಳ. ಮಗ್ಗದ ಮೇಲೆ ಒಂದು ಪೆಟ್ಟಿಗೆ. ಅದರೊಳಗೆ ನೂರಾರು ಕೊಕ್ಕೆ, ಪ್ರತಿ ಕೊಕ್ಕೆಗೂ ಒಂದು ಅಡ್ಡ ಸೂಜಿ. ತೂತು ಹೊಡೆದ ಪಟ್ಟಿ ಬಂದು ಸೂಜಿಗಳಿಗೆ ಒತ್ತುತ್ತದೆ. ತೂತು ಇದ್ದಲ್ಲಿ ಸೂಜಿ ತೂರಿಹೋಗುತ್ತದೆ, ಕೊಕ್ಕೆ ತನ್ನ ಜಾಗದಲ್ಲೇ ಉಳಿದು ಎಳೆಯನ್ನು ಮೇಲೆತ್ತುತ್ತದೆ. ತೂತು ಇಲ್ಲದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ಕೊಕ್ಕೆಯೂ ಸರಿದು ಎಳೆ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ಪಟ್ಟಿ. ನೇಕಾರ ಕಾಲಿನಿಂದ ತುಳಿದರೆ ಸಾಕು, ಪಟ್ಟಿ ತಾನಾಗಿ ಮುಂದೆ ಸರಿಯುತ್ತದೆ. ನಮ್ಮ ಊರುಗಳಲ್ಲಿ ಇಂದಿಗೂ ಸೆರಗಿಗೂ ಅಂಚಿಗೂ ಬುಟ್ಟಾಕ್ಕೂ ನೇಕಾರರು ಹಾಕಿಕೊಳ್ಳುವ ‘ಜಕಾರ್ಡ್’ ಇದೇ. ಮನುಷ್ಯನ ಹೆಸರು ಎಂಬುದೇ ಮರೆತುಹೋಗುವಷ್ಟು ಅದು ನಮ್ಮ ಮಗ್ಗದ ಮಾತಿನಲ್ಲಿ ಬೆರೆತಿದೆ.

ಈ ಸಾಧನವನ್ನು ಊರಿಗೆ ಬಿಟ್ಟುಕೊಟ್ಟದ್ದಕ್ಕೆ ಜಾಕಾರ್ಡ್‌ನಿಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ, ಜೊತೆಗೆ ಆರು ವರ್ಷಗಳ ಮಟ್ಟಿಗೆ ಬಳಕೆಗೆ ಬಂದ ಪ್ರತಿ ಮಗ್ಗಕ್ಕೆ 50 ಫ್ರಾಂಕ್ ಗೊತ್ತಾಯಿತು. ಹಳೆಯ ಲಿಯೋನಿನ ಪದ್ಧತಿಯೇ ಇದು: ಹಂಚಿದಷ್ಟೂ ಹಣ. ಮೊದಲಿನ ಸಾಧನ ಪದೇ ಪದೇ ಕೆಡುತ್ತಿತ್ತು. ಅದು ತೆರೆದಿದ್ದುದರಿಂದ ಊರಿನ ಇತರ ಕುಶಲಿಗಳು ಅದಕ್ಕೆ ಕೈಹಾಕಿದರು. ಅವರಲ್ಲಿ ಬ್ರೆತೋಂ ಎಂಬ ಯಂತ್ರಗಾರ 1810ರ ದಶಕದಲ್ಲಿ ಪಟ್ಟಿ ಸರಿಯುವ ಭಾಗವನ್ನು ತಿದ್ದಿದ ಮೇಲೆ ಅದು ನಿಜವಾಗಿ ನೆಚ್ಚಬಹುದಾದ ಯಂತ್ರವಾಯಿತು. ನಂತರ ಅದು ಲಿಯೋನಿನಲ್ಲಿ ಹರಡಿದ ವೇಗ ದೊಡ್ಡದು. ಊರಿನ ಉತ್ತರದ ಕ್ರುವಾ-ರೂಸ್ ಗುಡ್ಡದ ಮೇಲೆ ಹೊಸ ಮನೆಗಳೇ ಎದ್ದವು. ಜಕಾರ್ಡ್ ಪೆಟ್ಟಿಗೆ ಹಿಡಿಸಬೇಕೆಂದು ಆ ಮನೆಗಳ ಚಾವಣಿಯನ್ನು ನಾಲ್ಕು ಮೀಟರಿನಷ್ಟು ಎತ್ತರಕ್ಕೆ ಕಟ್ಟಿದರು. ಮಗ್ಗದ ಸದ್ದನ್ನು ಅಣಕಿಸಿ ಊರವರು ಅದನ್ನು ‘ಬಿಸ್ತಾಂಕ್ಲಾಕ್’ ಎಂದು ಕರೆದರು.

ಹಾಗಾಗಿ ಮುಕ್ತ ವಿದ್ಯೆ ಏನೂ ಕೊಡಲಿಲ್ಲ ಎನ್ನುವಂತಿಲ್ಲ. ಹಗ್ಗ ಎಳೆಯುತ್ತಿದ್ದ ಹುಡುಗಿಯರ ಮೈಮುರಿಯುವ ದುಡಿಮೆ ತಪ್ಪಿತು, ಅವರ ಸಂಬಳವೂ ತಪ್ಪಿತು. ಇಂಗ್ಲೆಂಡಿನ ಹತ್ತಿ ನೇಕಾರರು ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಿದ್ದ ಕಾಲದಲ್ಲಿ ಲಿಯೋನಿನ ನೇಕಾರ ತನ್ನ ಮನೆಯಲ್ಲಿ, ತನ್ನ ಮಗ್ಗದ ಮೇಲೆ, ಯುರೋಪಿನಲ್ಲೇ ಅತ್ಯಂತ ನಾಜೂಕಿನ ಬಟ್ಟೆ ನೇಯುತ್ತಿದ್ದ. ಸಣ್ಣ ಕೈಗಾರಿಕೆ ದೊಡ್ಡ ಯಂತ್ರಯುಗವನ್ನು ತಡೆದುಕೊಂಡು ನಿಂತಿತು. ಆದರೆ ಆ ಮನೆಯೊಳಗಿನ ಲೆಕ್ಕ ಬೇರೆಯೇ ಇತ್ತು.

ಉಳಿತಾಯ ಹೋದದ್ದೆಲ್ಲಿಗೆ

ಜಕಾರ್ಡ್ ಕೊಳ್ಳುವ ಖರ್ಚು ಯಜಮಾನ ನೇಕಾರನದು. ಹೊಸ ಚಿತ್ತಾರ ಬಂದಾಗಲೆಲ್ಲ ಮಗ್ಗವನ್ನು ಅದಕ್ಕೆ ತಕ್ಕಂತೆ ಹೂಡಬೇಕು. ಆ ದಿನಗಳಲ್ಲಿ ನೇಯ್ಗೆ ನಿಂತಿರುತ್ತದೆ. ಆ ಖರ್ಚೂ ಬಹುಪಾಲು ಅವನ ತಲೆಯ ಮೇಲೆಯೇ. ವರ್ತಕ ಸ್ವಲ್ಪ ನೇಯಿಸಿ ಸಾಕು ಎಂದರೆ ಹೂಡಿದ ಖರ್ಚು ಹುಟ್ಟುವುದಿಲ್ಲ. ಮಗ್ಗ ಎಲ್ಲರಿಗೂ ಸಿಗುವಂಥದ್ದಾದ್ದರಿಂದ ಇವನು ಒಲ್ಲೆ ಎಂದ ದರಕ್ಕೆ ಪಕ್ಕದ ಮನೆಯವನು ಒಪ್ಪುತ್ತಾನೆ. ಚಿತ್ತಾರವಾದರೋ ಮೊಹರಿನ ಲಕೋಟೆಯಲ್ಲಿದೆ. ಒಳ್ಳೆಯ ಮಗ್ಗವಿದ್ದರೂ ಬೇಡಿಕೆಯ ಚಿತ್ತಾರ ವರ್ತಕನಿಂದಲೇ ಬರಬೇಕು. ತೆರೆದ ತಂತ್ರದಿಂದ ಬಟ್ಟೆ ಅಗ್ಗವಾಯಿತು, ಬೇಗ ತಯಾರಾಯಿತು. ನೇಕಾರರ ನಡುವೆ ಪೈಪೋಟಿ ಇದ್ದಲ್ಲಿ, ವರ್ತಕರ ಕೈಯಲ್ಲಿ ಬೀಗವಿದ್ದಲ್ಲಿ, ಆ ಉಳಿತಾಯ ಬೀಗದ ಕಡೆಗೇ ಹರಿಯಿತು.

ತೂಕದ ವಿಷಯ ಇನ್ನೂ ಸೂಕ್ಷ್ಮ. ವರ್ತಕ ನೂಲನ್ನು ತೂಗಿ ಕೊಡುತ್ತಾನೆ, ಬಟ್ಟೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ. ನಡುವೆ ಹಾಳಾದ ನೂಲಿಗೆಂದು ಇಷ್ಟು ವಿನಾಯಿತಿ. ಅದಕ್ಕಿಂತ ಹೆಚ್ಚು ಕಡಿಮೆಯಾದರೆ ನೇಕಾರ ಕಟ್ಟಿಕೊಡಬೇಕು. ಈ ಲೆಕ್ಕವನ್ನೆಲ್ಲ ಒಂದು ಕಿರುಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆಯುತ್ತಿದ್ದವರು ವರ್ತಕನ ಗುಮಾಸ್ತರು. ರೇಷ್ಮೆಗೆ ಒಂದು ಗುಣವಿದೆ, ಅದು ಗಾಳಿಯ ತೇವ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ವರ್ತಕರು ವರ್ತಕರಿಂದ ನೂಲು ಕೊಳ್ಳುವಾಗ ಇದರಿಂದ ಮೋಸವಾಗಬಾರದೆಂದು 1805ರಲ್ಲಿ ಲಿಯೋನಿನಲ್ಲಿ ಒಂದು ಸಾರ್ವಜನಿಕ ಸಂಸ್ಥೆಯೇ ಆಯಿತು. ಅಲ್ಲಿ ನೂಲನ್ನು ಒಂದೇ ಹದಕ್ಕೆ ಒಣಗಿಸಿ ತೂಗಿ, ಅಧಿಕೃತ ಚೀಟಿ ಕೊಡುತ್ತಿದ್ದರು. ವರ್ತಕರ ನಡುವಿನ ತಕ್ಕಡಿ ಹೀಗೆ ಬಯಲಿಗೆ ಬಂತು. ವರ್ತಕನಿಗೂ ನೇಕಾರನಿಗೂ ನಡುವಿನ ತಕ್ಕಡಿ ಮಾತ್ರ ವರ್ತಕನ ಅಂಗಡಿಯ ಒಳಕೋಣೆಯಲ್ಲೇ ಉಳಿಯಿತು.

ತಂಟೆ ಬಂದರೆ ಹೋಗಲು ಒಂದು ಜಾಗವಿತ್ತು: ಅದೇ 1806ರ ಕಾನೂನಿನಿಂದ ಹುಟ್ಟಿದ ಪ್ರುದೋಮ್ ಮಂಡಳಿ. ಉದ್ಯಮದವರೇ ಕೂತು ರಾಜಿ ಮಾಡಿಸುವ ಪಂಚಾಯಿತಿ ಅದು. ಮೊದಲ ಮಂಡಳಿಯಲ್ಲಿ ವರ್ತಕರು ಐವರು, ಯಜಮಾನ ನೇಕಾರರು ನಾಲ್ವರು. ಕೂಲಿ ನೇಕಾರರಿಗೆ ಜಾಗವೇ ಇಲ್ಲ. ಚಿತ್ತಾರದ ಮೊಹರು ಹಾಕಿದ ಲಕೋಟೆಗಳು ಇದ್ದದ್ದೂ ಈ ಮಂಡಳಿಯ ಕಪಾಟಿನಲ್ಲೇ.

ದರಪಟ್ಟಿ

1825ರ ನಂತರ ವ್ಯಾಪಾರ ಕುಸಿಯಿತು, ಮಜೂರಿ ಇಳಿಯುತ್ತಾ ಹೋಯಿತು. ಜ್ಯೂರಿಕ್, ಕ್ರೇಫೆಲ್ಡ್, ಇಂಗ್ಲೆಂಡುಗಳ ಬಟ್ಟೆಯ ಪೈಪೋಟಿ ಇದೆ, ನಾವೇನು ಮಾಡೋಣ ಎಂದರು ವರ್ತಕರು. ಅದು ಪೂರ್ತಿ ಸುಳ್ಳಲ್ಲ. ನೇಕಾರರು ಕೇಳಿದ್ದು ಒಂದೇ: ಪ್ರತಿ ಬಗೆಯ ಬಟ್ಟೆಗೂ ಇಷ್ಟಕ್ಕಿಂತ ಕಡಿಮೆ ಮಜೂರಿ ಇಲ್ಲ ಎಂಬ ಒಂದು ಪಟ್ಟಿ, ಎಲ್ಲರೂ ಓದಬಲ್ಲ ಪಟ್ಟಿ. ಅದನ್ನು ಅವರು ‘ತಾರಿಫ್’ ಎಂದರು. 1831ರ ಅಕ್ಟೋಬರಿನಲ್ಲಿ ಸಾವಿರಾರು ನೇಕಾರರು ಗದ್ದಲವಿಲ್ಲದೆ ಸಾಲಾಗಿ ನಡೆದು ಪ್ರಿಫೆಕ್ಟ್ ಬೂವಿಯೆ-ದ್ಯುಮೊಲಾರ್‌ನ ಕಚೇರಿಗೆ ಹೋದರು. ಆತ ನಡುವೆ ನಿಂತು ಎರಡೂ ಕಡೆಯ ಪ್ರತಿನಿಧಿಗಳನ್ನು ಕೂರಿಸಿದ. ಅಕ್ಟೋಬರ್ 25ರಂದು ದರಪಟ್ಟಿಗೆ ಸಹಿಯಾಯಿತು. ಆ ರಾತ್ರಿ ಗುಡ್ಡದ ಮೇಲೆ ದೀಪ ಹಚ್ಚಿ ಕುಣಿದರು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ನೂರಕ್ಕೂ ಮೀರಿದ ವರ್ತಕರು ದರಪಟ್ಟಿಗೆ ಒಪ್ಪಲಿಲ್ಲ. ಪ್ಯಾರಿಸ್ಸಿನಲ್ಲಿ ಪ್ರಧಾನಿ ಕಾಸಿಮಿರ್ ಪೆರಿಯೆಯ ಸರ್ಕಾರ, ದರ ಗೊತ್ತುಮಾಡುವುದು ವ್ಯಾಪಾರದ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಪ್ರಿಫೆಕ್ಟನ ಕೈಬಿಟ್ಟಿತು. ನವೆಂಬರ್ 21ರಂದು ಕ್ರುವಾ-ರೂಸಿನ ನೇಕಾರರು ಮಗ್ಗ ನಿಲ್ಲಿಸಿ ಗುಡ್ಡ ಇಳಿದರು. ಅವರ ಕಪ್ಪು ಬಾವುಟದ ಮೇಲಿದ್ದ ಮಾತಿನ ಅರ್ಥ, ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ. ಎರಡು ದಿನದ ಕಾದಾಟದಲ್ಲಿ ಎರಡೂ ಕಡೆ ನೂರಾರು ಜನ ಸತ್ತರು, ಗಾಯಗೊಂಡರು. ಸೈನ್ಯ ಹಿಂದೆ ಸರಿಯಿತು, ನಗರ ನೇಕಾರರ ಕೈಗೆ ಬಂತು. ಕೈಗೆ ಬಂದ ನಗರವನ್ನು ಅವರು ದೋಚಲಿಲ್ಲ. ಬೀದಿ ಕಾಯುವ ಕೆಲಸವನ್ನೂ ತಾವೇ ಮಾಡಿದರು. ಡಿಸೆಂಬರ್ 3ರಂದು ದೊಡ್ಡ ಸೈನ್ಯದೊಂದಿಗೆ ಮಾರ್ಷಲ್ ಸೂಲ್ಟ್ ಊರೊಳಗೆ ಬಂದ. ದರಪಟ್ಟಿ ರದ್ದಾಯಿತು, ಪ್ರಿಫೆಕ್ಟನ ಕೆಲಸ ಹೋಯಿತು.

ಲೆಕ್ಕ ತೆರೆಯಲು ಹೊರಟ ಪತ್ರಿಕೆ

ದರಪಟ್ಟಿಗೆ ಸಹಿ ಬಿದ್ದ ವಾರದಲ್ಲೇ, 1831ರ ಅಕ್ಟೋಬರ್ 30ರಂದು, ಲಿಯೋನಿನಲ್ಲಿ ಒಂದು ವಾರಪತ್ರಿಕೆ ಶುರುವಾಗಿತ್ತು. ಹೆಸರು ‘ಲೆಕೊ ದ ಲಾ ಫಾಬ್ರಿಕ್’. ಮಗ್ಗಲೋಕದ ಮಾರ್ದನಿ ಎನ್ನಬಹುದು. ಅದರ ಷೇರುದಾರರು ಯಜಮಾನ ನೇಕಾರರು. ಫ್ರಾನ್ಸಿನ ಮೊದಲ ದುಡಿಮೆಗಾರರ ಪತ್ರಿಕೆಗಳಲ್ಲಿ ಅದೂ ಒಂದು. ದಂಗೆಯ ಕತೆ ಪುಸ್ತಕಗಳಲ್ಲಿ ಬಹಳ ಬಂದಿದೆ. ನನಗೆ ಈ ಪತ್ರಿಕೆಯೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಪ್ರುದೋಮ್ ಮಂಡಳಿಯ ಎದುರು ಆ ವಾರ ಯಾರ ತಂಟೆ ಬಂತು, ಯಾವ ವರ್ತಕ ಯಾವ ನೇಕಾರನಿಗೆ ಎಷ್ಟು ಮುರಿದುಕೊಂಡ, ಮಂಡಳಿ ಏನು ಹೇಳಿತು ಎಂಬುದನ್ನು ಅದು ವಾರವಾರವೂ ಅಚ್ಚು ಹಾಕಿತು. ಒಳಕೋಣೆಯ ತಕ್ಕಡಿಯನ್ನು ಬೀದಿಗೆ ತಂದಂತಾಯಿತು.

ಅದು ಬರಿಯ ವರದಿಗೆ ನಿಲ್ಲಲಿಲ್ಲ. ಮಂಡಳಿಯ ತೀರ್ಪುಗಳನ್ನು ಬರೆದಿಡಿ, ಒಂದೇ ಬಗೆಯ ತಂಟೆಗೆ ಒಂದೇ ಬಗೆಯ ತೀರ್ಪು ಕೊಡಿ ಎಂದು ಒತ್ತಾಯಿಸಿತು. ಮಾತು ಬಾರದ ನೇಕಾರ ತನ್ನ ಪರವಾಗಿ ಬಲ್ಲವನೊಬ್ಬನನ್ನು ಕರೆತರಲಿ ಎಂದು ವಾದಿಸಿತು. ಮಗ್ಗ ಹೂಡುವ ಖರ್ಚಿನಲ್ಲಿ ವರ್ತಕನ ಪಾಲೆಷ್ಟು, ಹಾಳಾದ ನೂಲಿಗೆ ವಿನಾಯಿತಿ ಎಷ್ಟು ಎಂಬ ಪ್ರಶ್ನೆಗಳನ್ನು ಪದೇ ಪದೇ ಎತ್ತಿತು. ಮಗ್ಗದ ತಂತ್ರ ತೆರೆದಿದ್ದ ಹಾಗೆಯೇ ಮಗ್ಗದ ವ್ಯವಹಾರವೂ ತೆರೆದಿರಲಿ ಎಂಬುದು ಇದೆಲ್ಲದರ ಒಟ್ಟು ತಾತ್ಪರ್ಯ.

ಪತ್ರಿಕೆಯ ಹಿಂದೆ 1828ರಲ್ಲಿ ಪಿಯೆರ್ ಶಾರ್ನಿಯೆ ಮತ್ತು ಜೊತೆಗಾರರು ಕಟ್ಟಿದ ಪರಸ್ಪರ ನೆರವಿನ ಸಂಘವಿತ್ತು. ಇಪ್ಪತ್ತಕ್ಕಿಂತ ಹೆಚ್ಚು ಜನ ಅನುಮತಿಯಿಲ್ಲದೆ ಸಂಘ ಕಟ್ಟಬಾರದೆಂದು ಕಾನೂನಿದ್ದುದರಿಂದ ಅವರು ಇಪ್ಪತ್ತರೊಳಗಿನ ಸಣ್ಣ ಸಣ್ಣ ಗುಂಪುಗಳಾಗಿ ಸೇರುತ್ತಿದ್ದರು. 1834ರ ಫೆಬ್ರವರಿಯಲ್ಲಿ ಒಂದು ಬಗೆಯ ಬಟ್ಟೆಯ ಮಜೂರಿ ಇಳಿಸಿದ್ದಕ್ಕೆ ಈ ಸಂಘದ ಮಾತಿನ ಮೇಲೆ ಊರಿನ ಮಗ್ಗಗಳು ನಿಂತವು. ಸರ್ಕಾರ ಸಂಘಗಳ ಮೇಲೆ ಇನ್ನೂ ಕಠಿಣ ಕಾನೂನು ತಂದಿತು. ಸಣ್ಣ ಗುಂಪಿನ ಉಪಾಯಕ್ಕೂ ಅದರಲ್ಲಿ ಜಾಗವಿರಲಿಲ್ಲ. ಏಪ್ರಿಲಿನಲ್ಲಿ ಎರಡನೇ ದಂಗೆಯಾಯಿತು. ಈ ಸಲ ಸೈನ್ಯ ಹಿಂದೆ ಸರಿಯಲಿಲ್ಲ, ಮುನ್ನೂರರಷ್ಟು ಜನ ಸತ್ತರು. ಮೇ ತಿಂಗಳಿಗೆ ಪತ್ರಿಕೆಯೂ ನಿಂತಿತು. ಅದೇ ವರ್ಷ ಆಗಸ್ಟಿನಲ್ಲಿ ಜಾಕಾರ್ಡ್ ತೀರಿಕೊಂಡ. ಆರು ವರ್ಷಕ್ಕೆ ಊರು ಅವನಿಗೊಂದು ಪ್ರತಿಮೆ ನಿಲ್ಲಿಸಿತು.

ಇಷ್ಟಾದ ಮೇಲೂ ಪ್ರಯತ್ನ ಬಿಡದವರಿದ್ದರು. 1835ರಲ್ಲಿ ಮಿಶೆಲ್ ದೆರಿಯೋಂ ಎಂಬವನು ಕ್ರುವಾ-ರೂಸಿನ ಇಳಿಜಾರಿನಲ್ಲಿ ಒಂದು ದಿನಸಿ ಅಂಗಡಿ ತೆರೆದ. ಕೊಂಡವರಿಗೂ ಲಾಭದಲ್ಲಿ ಪಾಲು ಕೊಡುವ ಅಂಗಡಿ ಅದು. ಸತ್ಯದ, ಸಮಾಜದ ವ್ಯಾಪಾರ ಎಂಬರ್ಥದ ಹೆಸರು ಅದಕ್ಕೆ. ಮೂರು ವರ್ಷ ನಡೆದು 1838ರಲ್ಲಿ ಮುಚ್ಚಿತು. ಸಹಕಾರಿ ಅಂಗಡಿಗಳ ಚರಿತ್ರೆ ಬರೆಯುವವರು ಇಂಗ್ಲೆಂಡಿನ ರಾಚ್‌ಡೇಲ್‌ನಿಂದ, 1844ರಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಒಂಬತ್ತು ವರ್ಷ ಮೊದಲೇ ಲಿಯೋನಿನ ನೇಕಾರರ ಕೇರಿಯಲ್ಲಿ ಅದರ ಬೀಜ ಬಿದ್ದಿತ್ತು. ವರ್ತಕರು ಮಾತ್ರ ಮುಂದಿನ ದಶಕಗಳಲ್ಲಿ ಮಗ್ಗಗಳನ್ನು ಊರಿನಿಂದ ಸುತ್ತಲ ಹಳ್ಳಿಗಳಿಗೆ ಹರಡಿದರು. ಅಲ್ಲಿ ಮಜೂರಿ ಕಡಿಮೆ, ಸಂಘವೂ ಇಲ್ಲ.

ರಟ್ಟಿನ ಪಟ್ಟಿಯಿಂದ ಇಲ್ಲಿಗೆ

ಆ ತೂತಿನ ಪಟ್ಟಿ ಮಗ್ಗದಿಂದಾಚೆಗೂ ಹೋಯಿತು. 1839ರಲ್ಲಿ ಲಿಯೋನಿನಲ್ಲಿ ಸುಮಾರು 24,000 ಪಟ್ಟಿ ಬಳಸಿ ಜಾಕಾರ್ಡ್‌ನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿಯನ್ನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಮನೆಯಲ್ಲಿಟ್ಟುಕೊಂಡಿದ್ದ. ತನ್ನ ಲೆಕ್ಕಯಂತ್ರಕ್ಕೆ ಆದೇಶ ಕೊಡಲು ಆತ ಆರಿಸಿಕೊಂಡದ್ದು ಇಂಥದೇ ಪಟ್ಟಿಗಳನ್ನು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆ ಘೋಷಿಸಿದಾಗ, 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೆಸರು ಚಲಾವಣೆಗೆ ಬಂದಾಗ, ಅವರು ಹೇಳಿದ್ದರಲ್ಲಿ ಹಳೆಯ ಲಿಯೋನಿನ ಮಾತು ಕೇಳಿಸುತ್ತದೆ: ಯಂತ್ರಕ್ಕೆ ಕೊಡುವ ಆದೇಶವನ್ನು ಬಚ್ಚಿಡಬೇಡಿ, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಲಿ.

ಇಂದು ಜಗತ್ತಿನ ಬಹುದೊಡ್ಡ ಕಂಪನಿಗಳ ಸರ್ವರುಗಳು ಬಿಟ್ಟಿ ಸಿಗುವ ಲಿನಕ್ಸ್ ಮೇಲೆ ನಡೆಯುತ್ತವೆ. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು. ಆದರೆ ಅದರ ಮೇಲೆ ಕಟ್ಟಿದ ಆ್ಯಪ್ ಒಂದು ಆಟೋ ಓಡಿಸುವವರಿಗೆ, ಊಟ ತಲುಪಿಸುವ ಹುಡುಗರಿಗೆ ಈ ಸವಾರಿಗೆ ಇಷ್ಟು ಎಂದು ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತದೆ ಎಂಬುದನ್ನು ಅವರು ಓದಲಾರರು. ಗಾಡಿ ಅವರದು, ಪೆಟ್ರೋಲು ಅವರದು, ರಿಪೇರಿ ಅವರದು. ಗಿರಾಕಿ ಮತ್ತು ದರ ಬೇರೆಯವರ ಕೈಯಲ್ಲಿ. 1831ರ ಕ್ರುವಾ-ರೂಸಿನ ಯಜಮಾನ ನೇಕಾರನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ರೇಷ್ಮೆಯದೇ ಇನ್ನೊಂದು ಉದಾಹರಣೆ ನಮ್ಮಲ್ಲೇ ಇದೆ. ನಮ್ಮ ರೇಷ್ಮೆ ಬೆಳೆಗಾರ ಗೂಡನ್ನು ಬಿಚ್ಚಣಿಕೆಯವನಿಗೋ ದಲ್ಲಾಳಿಗೋ ಮನೆಬಾಗಿಲಲ್ಲಿ ಮಾರುತ್ತಿದ್ದ ಕಾಲವೊಂದಿತ್ತು. ತೂಕವೂ ದರವೂ ಕೊಳ್ಳುವವನ ಮಾತು. 1959ರ ಕಾನೂನಿನ ನಂತರ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಗಳಿಗೆ ಬಂತು. ರಾಮನಗರದ ಮಾರುಕಟ್ಟೆಗೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ರಾಶಿ ಎಲ್ಲರೆದುರು ಹರಡಿರುತ್ತದೆ, ಹರಾಜು ಬಹಿರಂಗ, ತಕ್ಕಡಿ ಬಹಿರಂಗ. ಪಕ್ಕದ ರಾಶಿಗೆ ಎಷ್ಟು ಬಿತ್ತೆಂದು ನೋಡಿ, ತನ್ನದಕ್ಕೆ ಕೂಗಿದ ಬೆಲೆ ಸಾಲದು ಎಂದು ರೈತ ನಿರಾಕರಿಸಬಹುದು. ಅಲ್ಲಿ ತಕರಾರುಗಳೇ ಇಲ್ಲವೆಂದಲ್ಲ. ಬೆಲೆ ಬಿದ್ದ ದಿನ ರೈತರು ರಸ್ತೆಗಿಳಿದದ್ದೂ ಇದೆ. ಆದರೆ ತಕರಾರು ಮಾಡಲು ಕೈಯಲ್ಲಿ ಒಂದು ಅಂಕಿಯಿದೆ. ಲಿಯೋನಿನ ನೇಕಾರರು ದರಪಟ್ಟಿಯಲ್ಲಿ ಕೇಳಿದ್ದು ಅದನ್ನೇ. ಅದೇ ರೇಷ್ಮೆ ನೂಲಾಗಿ ಮಗ್ಗದ ಮನೆಗೆ ಬರುವ ಹೊತ್ತಿಗೆ ಮಾತ್ರ ಲೆಕ್ಕ ಮತ್ತೆ ಸಾವಕಾರನ ಪುಸ್ತಕದೊಳಗೆ ಹೋಗುತ್ತದೆ.

ಸಣ್ಣ ಕೈಗಾರಿಕೆಗೆ ಮುಕ್ತ ನಕ್ಷೆಗಳು ಬೇಕು. ಅವಿಲ್ಲದೆ ಮಗ್ಗವೇ ಬರುವುದಿಲ್ಲ. ಲಿಯೋನ್ ಇದಕ್ಕೆ ಸಾಕ್ಷಿ. ಆದರೆ ಹತ್ತು ಜನರಿಗೆ ಸಿಗುವ ಯಂತ್ರ ಹತ್ತು ಜನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಲೂ ಬಲ್ಲದು ಎಂಬುದಕ್ಕೂ ಅದೇ ಊರು ಸಾಕ್ಷಿ. ಹಾಗಾಗದಂತೆ ತಡೆಯಲು ಅಲ್ಲಿನವರು ಮಾಡಿದ ಕೆಲಸಗಳು ನೋಡಲು ಸಣ್ಣವು: ಒಂದು ದರಪಟ್ಟಿ, ತೀರ್ಪುಗಳ ವರದಿ, ಇಪ್ಪತ್ತು ಜನರ ಸಂಘ, ಒಂದು ದಿನಸಿ ಅಂಗಡಿ. ಮಗ್ಗವನ್ನು ಊರಿನ ಸ್ವತ್ತು ಮಾಡುವುದಕ್ಕೆ ಸರ್ಕಾರ ತಾನಾಗಿ ಮುಂದೆ ಬಂದಿತ್ತು, ಕಂಡುಹಿಡಿದವನಿಗೆ ಪಿಂಚಣಿಯನ್ನೂ ಕೊಟ್ಟಿತ್ತು. ಒಂದು ದರಪಟ್ಟಿಯನ್ನು ಗೋಡೆಗೆ ಅಂಟಿಸಬಾರದೆಂದು ಅದೇ ಊರಿಗೆ ಸೈನ್ಯ ಕಳಿಸಬೇಕಾಯಿತು. ಯಾವುದರ ಬೆಲೆ ಎಷ್ಟೆಂಬುದು ಆಳುವವರಿಗೆ ಗೊತ್ತಿತ್ತು.